ಮೈಲುತುತ್ತು ಎಂದೇ ಬರೆಯಿರಿ

ಪ್ರಶ್ನೆ: ಅಡಿಕೆ ಕೃಷಿಯ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತೇನೆ. ಹುಡುಕಾಟ ಹೆಚ್ಚಿರುವ ‘ಅಡಿಕೆ’, ‘ಅಡಿಕೆ ಬೆಳೆ’ ಪದಗಳನ್ನೇ ಆರಿಸುತ್ತೇನೆ. ಕೊಳೆರೋಗದ ಲೇಖನಕ್ಕೆ ‘ಅಡಿಕೆ ಬೆಳೆಯಲ್ಲಿ ರೋಗ ನಿರ್ವಹಣೆ’ ಎಂದು ಹೆಸರಿಟ್ಟೆ. ಗೂಗಲ್‌ನಿಂದ ಯಾರೂ ಬರುತ್ತಿಲ್ಲ. ಯಾವ ಕೀವರ್ಡ್ (ಜನ ಹುಡುಕುವ ಪದ) ಹಾಕಲಿ?

ಉತ್ತರ: ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಬೆಳೆಯ ಹೆಸರು ಮಾತ್ರ ಬೇರೆ. ‘ಅಡಿಕೆ’ ಎಂದು ಹುಡುಕುವವರಿಗೆ ಇವತ್ತಿನ ಧಾರಣೆ ಬೇಕಿರಬಹುದು, ಸಸಿ ಬೇಕಿರಬಹುದು. ನಿಮ್ಮ ಲೇಖನ ಬೇಕಾದವರು ಮಳೆ ಹಿಡಿಯುವ ಮೊದಲು ತೋಟದಲ್ಲಿ ಡ್ರಮ್ಮಿನ ಮುಂದೆ ನಿಂತಿರುತ್ತಾರೆ. ಸುಣ್ಣ ಮೆತ್ತಿದ ಬೆರಳನ್ನು ಪಂಚೆಗೆ ಒರೆಸಿಕೊಂಡು ಮೊಬೈಲಿಗೆ ಕೇಳುತ್ತಾರೆ: ‘ನೂರು ಲೀಟರಿಗೆ ಮೈಲುತುತ್ತು ಎಷ್ಟು, ಸುಣ್ಣ ಎಷ್ಟು?’ ಕೀವರ್ಡ್ ಅದೇ. ಶೀರ್ಷಿಕೆಯೂ ಅದೇ ಆಗಲಿ. ಕೊಳೆರೋಗಕ್ಕೆ ಸಿಂಪಡಿಸುವ ಈ ಮೈಲುತುತ್ತು-ಸುಣ್ಣದ ಮಿಶ್ರಣವೇ ಬೋರ್ಡೋ ದ್ರಾವಣ. ಶೇ 1ರ ದ್ರಾವಣಕ್ಕೆ 100 ಲೀಟರ್ ನೀರಿಗೆ ತಲಾ 1 ಕೆ.ಜಿ. ಎಂಬ ಉತ್ತರ ಮೊದಲ ಪ್ಯಾರಾದಲ್ಲೇ ಸಿಗಲಿ.

ನಿಮ್ಮ ಲೇಖನ ಓದಿದೆ. ‘ತಾಮ್ರದ ಸಲ್ಫೇಟ್’ ಆರು ಕಡೆ ಇದೆ, ಮೈಲುತುತ್ತು ಒಂದು ಕಡೆಯೂ ಇಲ್ಲ. ಎರಡೂ ಒಂದೇ ವಸ್ತು. ಅಂಗಡಿಯಲ್ಲಿ ನೀವು ಏನೆಂದು ಕೇಳುತ್ತೀರಿ? ಕೊಳೆರೋಗಕ್ಕೆ ಮಹಾಳಿ ಎನ್ನುವವರೂ ಇದ್ದಾರೆ, ಆ ಹೆಸರೂ ಬರಲಿ.

ಯಾವ ಪದವನ್ನು ಎಷ್ಟು ಜನ ಹುಡುಕುತ್ತಾರೆ ಎಂದು ತೋರಿಸುವ ಗೂಗಲ್‌ನ ಕೀವರ್ಡ್ ಪ್ಲಾನರ್ ಜಾಹೀರಾತು ಕೊಡುವವರಿಗೆಂದು ಮಾಡಿದ್ದು. ಕಡಿಮೆ ಜನ ಹುಡುಕುವ ಕನ್ನಡ ಪದಕ್ಕೆ ಅದು ಅಂಕಿ ತೋರಿಸದಿದ್ದರೆ ಆ ಪದ ಯಾರಿಗೂ ಬೇಡ ಎಂದಲ್ಲ. ಗೂಗಲ್‌ನಲ್ಲಿ ಅರ್ಧ ವಾಕ್ಯ ಟೈಪ್ ಮಾಡಿ, ಕೆಳಗೆ ಏನು ಸೂಚಿಸುತ್ತದೆ ನೋಡಿ. ಕನ್ನಡ ಲಿಪಿಯಲ್ಲಿ ಒಮ್ಮೆ, ಇಂಗ್ಲಿಷ್ ಅಕ್ಷರಗಳಲ್ಲಿ ಒಮ್ಮೆ. ನಮ್ಮವರು ಎರಡೂ ರೀತಿ ಹುಡುಕುತ್ತಾರೆ. ಆಮೇಲೆ ಸರ್ಚ್ ಕನ್ಸೋಲ್ ತೆರೆಯಿರಿ; ಅದು ಜಾಲತಾಣ ನಡೆಸುವವರಿಗೆ ಗೂಗಲ್ ಕೊಡುವ ಸಾಧನ. ನಿಮ್ಮ ಪುಟ ಫಲಿತಾಂಶದಲ್ಲಿ ಕಾಣಿಸಿಯೂ ಜನ ಒತ್ತದೇ ಹೋದ ಪ್ರಶ್ನೆಗಳು ಅಲ್ಲಿರುತ್ತವೆ. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದ ತೋಟದವರು ಫೋನಿನಲ್ಲಿ ಕೇಳಿದ್ದನ್ನು ಅವರ ಮಾತಿನಲ್ಲೇ ಗುರುತು ಹಾಕಿಕೊಳ್ಳಿ.

ಮೊದಲ ಸಿಂಪಡಣೆ ಮುಂಗಾರಿಗೆ ಮುಂಚೆ. ಲೇಖನ ಏಪ್ರಿಲ್‌ನಲ್ಲೇ ಸಿದ್ಧವಿರಲಿ; ಜುಲೈನಲ್ಲಿ ಹಾಕಿದರೆ ಆಗಲೇ ಕಾಯಿ ಉದುರುತ್ತಿರುತ್ತದೆ. ಇನ್ನೊಂದು ಮಾತು: ಔಷಧದ ಅಳತೆ ಬರೆಯುವಾಗ ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸದೆ ಪ್ರಕಟಿಸಬೇಡಿ. ತಪ್ಪು ಅಳತೆ ಗೂಗಲ್‌ನಲ್ಲಿ ಮೇಲೆ ಬಂದಷ್ಟೂ ಹೆಚ್ಚು ತೋಟ ಕೆಡುತ್ತದೆ.

ಪ್ರಶ್ನೆ: ಮೆಟಾ ಕೀವರ್ಡ್ ಟ್ಯಾಗ್‌ನಲ್ಲಿ ಎಷ್ಟು ಪದ ತುಂಬಬೇಕು?

ಉತ್ತರ: ಒಂದೂ ಬೇಡ. ಅದು ಪುಟದ ಕೋಡ್‌ನಲ್ಲಿ, ಓದುಗರಿಗೆ ಕಾಣದಂತೆ ಕೀವರ್ಡ್ ಬರೆಯುವ ಜಾಗ. ಶ್ರೇಯಾಂಕಕ್ಕೆ ಅದನ್ನು ಬಳಸುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ.

ಪ್ರಶ್ನೆ: ನೂರು ಪದಕ್ಕೆ ಮೂರು ಸಲ ಕೀವರ್ಡ್ ಬರಲೇಬೇಕಂತೆ, ಹೌದೇ?

ಉತ್ತರ: ಅಂಥ ಲೆಕ್ಕವೇ ಇಲ್ಲ. ಗಟ್ಟಿಯಾಗಿ ಓದಿ, ನಾಲಿಗೆ ತಡೆದಲ್ಲಿ ಆ ಪದ ತೆಗೆಯಿರಿ.

ಪ್ರಶ್ನೆ: ದುಡ್ಡು ಕೊಟ್ಟರೆ ಮೊದಲ ಸ್ಥಾನ ಗ್ಯಾರಂಟಿ ಎನ್ನುತ್ತಿದ್ದಾರೆ. ಕೊಡಲೇ?

ಉತ್ತರ: ಕೊಡಬೇಡಿ. ಮೊದಲ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ಲೇ ಬರೆದಿಟ್ಟಿದೆ. ಇಂಥವರು ಮಾಡುವುದು ಬಿಳಿ ಪುಟದಲ್ಲಿ ಬಿಳಿ ಅಕ್ಷರದ ಕೀವರ್ಡ್ ಬಚ್ಚಿಡುವಂಥ ಕೆಲಸ. ಅದು ಸಿಕ್ಕಿಬಿದ್ದರೆ ಹುಡುಕಾಟದಿಂದ ಮಾಯವಾಗುವುದು ನಿಮ್ಮ ಬ್ಲಾಗ್, ಅವರದ್ದಲ್ಲ.