ಓದುಗರ ಪ್ರಶ್ನೆ: ಮಾಯಾ ಪಿರಮಿಡ್ಡು, ಸುಣ್ಣ, ಮೆಕ್ಕೆಜೋಳ

ಪ್ರಶ್ನೆ: ನಮ್ಮ ಕೋಟೆಯ ಬಂಡೆಗಳ ಮೇಲೆ ಬೆಣೆ ಹೊಡೆದು ಸೀಳಿದ ಗುಳಿಗಳ ಸಾಲು ಈಗಲೂ ಕಾಣುತ್ತದೆ. ಕಬ್ಬಿಣವೇ ಇಲ್ಲದ ಮಾಯಾ ಜನ ಪಿರಮಿಡ್ಡಿಗೆ ಕಲ್ಲು ಕಡಿದದ್ದು ಹೇಗೆ? ಅವು ಕುಸಿದದ್ದೇಕೆ?
– ಚಿತ್ರದುರ್ಗದ ಓದುಗರು

ಉತ್ತರ: ಕಲ್ಲೇ ಬೇರೆ. ದುರ್ಗದ್ದು ಕಗ್ಗಲ್ಲು, ಮಾಯಾಗಳ ನೆಲವಾದ ಮೆಕ್ಸಿಕೋದ ಯುಕಟಾನ್ ಸೀಮೆಯದು ಸುಣ್ಣದ ಕಲ್ಲು. ಇದು ನೆಲದಿಂದ ಎತ್ತಿದ ಹೊಸತರಲ್ಲಿ ಮೆದು, ಗಾಳಿಗೆ ಒಣಗಿದಂತೆ ಗಟ್ಟಿ. ಚಕಮಕಿ ಕಲ್ಲಿನ ಕೊಡಲಿ, ಉಳಿಗಳೇ ಇದಕ್ಕೆ ಸಾಕು. ಅಬ್ಸಿಡಿಯನ್ನಿನಿಂದ ಕಡಿದರು ಎಂದು ಹಲವೆಡೆ ಬರೆದಿರುತ್ತಾರೆ, ಅದನ್ನು ನಂಬಬೇಡಿ. ಈ ಜ್ವಾಲಾಮುಖಿ ಗಾಜು ಬಲು ಹರಿತ, ಆದರೆ ಪೆಡಸು. ಚಾಕುವಿನ ಅಲಗಿಗೆ ಸರಿ, ಕಲ್ಲಿನ ಮೇಲೆ ಹೊಡೆದರೆ ಪುಡಿಯಾಗುತ್ತದೆ.

ಎತ್ತು, ಕುದುರೆ ಇರಲಿಲ್ಲ. ಗಾಲಿ ಇರುವ ಮಣ್ಣಿನ ಆಟಿಕೆಗಳು ಮೆಕ್ಸಿಕೋದಲ್ಲಿ ಸಿಕ್ಕಿವೆ, ಆದರೆ ಎಳೆಯುವ ಪ್ರಾಣಿಯೇ ಇಲ್ಲದ ಮೇಲೆ ಬಂಡಿ ಯಾರಿಗೆ ಬೇಕು? ಹೊರೆಯನ್ನು ಹಣೆಪಟ್ಟಿಗೆ ಕಟ್ಟಿ ಬೆನ್ನ ಮೇಲೆ ಹೊರುತ್ತಿದ್ದರು. ಹಾಗಾಗಿ ಮಾಯಾ ಗೋಡೆಗಳಲ್ಲಿ ಒಬ್ಬಿಬ್ಬರು ಎತ್ತಬಲ್ಲ ಕಲ್ಲುಗಳೇ ಹೆಚ್ಚು. ಮಾಯಾಗಳಿಗಿಂತ ಹಿಂದಿನ ಓಲ್ಮೆಕ್ ಜನರ ದೈತ್ಯ ಶಿಲಾತಲೆಗಳ ಕಥೆ ಬೇರೆ: ಇದುವರೆಗೆ ಸಿಕ್ಕ 17 ತಲೆಗಳೂ ಟುಶ್ಟ್ಲಾ ಬೆಟ್ಟಗಳ ಬಸಾಲ್ಟ್ ಕಲ್ಲಿನವು. ಹತ್ತಾರು ಟನ್ ತೂಗುವ ಬಂಡೆಗಳನ್ನೂ ಹತ್ತಾರು ಕಿಲೋಮೀಟರ್ ಸಾಗಿಸಿದ್ದಾರೆ.

ಪಿರಮಿಡ್ಡಿನ ಒಳಗೆಲ್ಲ ಕೆತ್ತಿದ ಕಲ್ಲೇ ಇರುತ್ತದೆ ಎಂದುಕೊಳ್ಳಬೇಡಿ. ಒಳಗೆ ಒಡಕುಕಲ್ಲು, ಮಣ್ಣು, ಗಾರೆ. ಹೊರಗೆ ಕೆತ್ತಿದ ಕಲ್ಲಿನ ಹೊದಿಕೆ. ಅದರ ಮೇಲೆ ಸುಣ್ಣದ ಗಿಲಾವು. ಹಳೆಯ ಪಿರಮಿಡ್ಡನ್ನು ಹಾಗೆಯೇ ಒಳಗಿಟ್ಟು ಮೇಲೆ ದೊಡ್ಡದನ್ನು ಕಟ್ಟುವುದೂ ರೂಢಿ. ಯುಕಟಾನಿನ ಚಿಚೆನ್ ಇಟ್ಜಾ ಊರಿನ ಎಲ್ ಕ್ಯಾಸ್ಟಿಯೊ ಪಿರಮಿಡ್ಡಿನ ಒಳಗೆ 1930ರ ದಶಕದಲ್ಲಿ ಇನ್ನೊಂದು ಪಿರಮಿಡ್ಡೂ ಕೆಂಪು ಬಣ್ಣದ ಜಾಗ್ವಾರ್ ಪೀಠವೂ ಸಿಕ್ಕವು.

ಕಟ್ಟಡದ ಜೀವ ಇರುವುದು ಸುಣ್ಣದಲ್ಲಿ. ಹಸಿ ಸೌದೆಯನ್ನು ವೃತ್ತಾಕಾರವಾಗಿ ಒಟ್ಟಿ, ನಡುವೆ ಗಾಳಿಗೆ ಕಂಡಿ ಬಿಟ್ಟು, ಮೇಲೆ ಒಡೆದ ಸುಣ್ಣದ ಕಲ್ಲು ಹರಡಿ ಒಂದರಿಂದ ಒಂದೂವರೆ ದಿನ ಉರಿಸುವುದು ಅಲ್ಲಿನ ಸಾಂಪ್ರದಾಯಿಕ ಕ್ರಮ. ಒಣ ಸೌದೆ ಭಗ್ಗನೆ ಉರಿದು ಮುಗಿಯುತ್ತದೆ, ಅದಕ್ಕೇ ಹಸಿಯದು. ಕಾವು ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಕಡಿಮೆಯಾದರೆ ಕಲ್ಲಿನ ತಿರುಳು ಬೇಯದೆ ಉಳಿಯುತ್ತದೆ; ಅತಿಯಾದರೆ ಸುಣ್ಣ ನೀರಿಗೆ ಸರಿಯಾಗಿ ಅರಳದೆ, ಗೋಡೆಗೆ ಹಚ್ಚಿದ ಮೇಲೆ ತಡವಾಗಿ ಅರಳಿ ಗಿಲಾವನ್ನು ಗುಳ್ಳೆ ಎಬ್ಬಿಸುತ್ತದೆ. ಶುದ್ಧ ಕಲ್ಲು 100 ಕಿಲೋ ಸುಟ್ಟರೆ ಸಿಗುವ ಸುಟ್ಟ ಸುಣ್ಣ 56 ಕಿಲೋ, ಉಳಿದದ್ದು ಹೊಗೆಯೊಂದಿಗೆ ಹೋಗುವ ಇಂಗಾಲದ ಡೈಆಕ್ಸೈಡ್. ಹೊಂಡುರಾಸ್‌ನ ಕೊಪಾನ್ ಗಿಲಾವಿನ ಬಗ್ಗೆ 2023ರಲ್ಲಿ ಬಂದ ಅಧ್ಯಯನ, ಅದಕ್ಕೆ ಮರದ ತೊಗಟೆಯ ರಸ ಬೆರೆಸಿದ್ದರಿಂದ ಬಾಳಿಕೆ ಹೆಚ್ಚಿತೆಂದು ತೋರಿಸಿತು. ನಮ್ಮವರು ಗಾರೆಗೆ ಬೆಲ್ಲದ ನೀರು ಹಾಕುತ್ತಿದ್ದುದು ನೆನಪಾದರೆ ತಪ್ಪಿಲ್ಲ.

ಕುಸಿತ ಶುರುವಾಗುವುದು ಗಿಲಾವಿನಿಂದಲೇ. ಊರು ಬಿಟ್ಟುಹೋದ ಮೇಲೆ ಮತ್ತೆ ಹಚ್ಚುವವರಿಲ್ಲ. ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ಬೀಜ ಬಿದ್ದು ಬೇರು ಹೊದಿಕೆಕಲ್ಲನ್ನು ಹೊರಕ್ಕೆ ತಳ್ಳುತ್ತದೆ, ಒಳಗಿನ ಮಣ್ಣು ನೆನೆದು ಜರಿಯುತ್ತದೆ. ಸಿಮೆಂಟ್ ಮೆತ್ತಿ ದುರಸ್ತಿ ಮಾಡಿದರೆ ಇನ್ನೂ ಕೇಡು: ತೇವ ಹೊರಬರಲಾರದೆ ಲವಣ ಕಟ್ಟಿ, ಪಕ್ಕದ ಮೆದುಗಲ್ಲೇ ಉದುರುತ್ತದೆ.

ಪ್ರಶ್ನೆ: ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳು ಎಲ್ ಕ್ಯಾಸ್ಟಿಯೊ ಮಾದರಿ ಮಾಡುತ್ತಿದ್ದಾರೆ. ಅಳತೆ ಕೊಡಿ. ನೆರಳಿನ ಹಾವು ಅದರಲ್ಲಿ ಕಾಣಬಹುದೇ?
– ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ

ಉತ್ತರ: ಕಾಣಬಹುದು ಮೇಡಂ. ಮೂಲದ ಬುಡ ಸುಮಾರು 55 ಮೀಟರ್, ಒಂಬತ್ತು ಅಂತಸ್ತಿನ ಎತ್ತರ 24, ಮೇಲಿನ ಗುಡಿ 6. ನೂರರಲ್ಲಿ ಒಂದು ಪ್ರಮಾಣದಲ್ಲಿ ಮೀಟರ್ ಬದಲು ಸೆಂಟಿಮೀಟರ್ ಅಷ್ಟೇ. 25 ಮಿ.ಮೀ. ಥರ್ಮಾಕೋಲ್ ಒಂಬತ್ತು ಹಾಳೆ ಸೇರಿದರೆ 22.5 ಸೆಂ.ಮೀ. ಆಗುತ್ತದೆ, ಪ್ರತಿ ಹಾಳೆಗೂ 1.5 ಮಿ.ಮೀ. ರಟ್ಟು ಅಂಟಿಸಿದರೆ ಲೆಕ್ಕ ಕೂಡುತ್ತದೆ. ಕೆಳಗಿನ ಚೌಕ 55, ಮುಂದಿನ ಪ್ರತಿಯೊಂದೂ 4.4 ಸೆಂ.ಮೀ. ಚಿಕ್ಕದು. ಫೆವಿಕಾಲ್ ಬಳಸಿ, ರಬ್ಬರ್ ಸಲ್ಯೂಷನ್ ಥರ್ಮಾಕೋಲನ್ನು ಕರಗಿಸುತ್ತದೆ.

ನಾಲ್ಕೂ ಕಡೆ ಮೆಟ್ಟಿಲು, ಕೋನ 45 ಡಿಗ್ರಿ. ಹಾಗಾಗಿ ಮೆಟ್ಟಿಲ ಪಟ್ಟಿಯ ಉದ್ದ 34 ಸೆಂ.ಮೀ., ಬುಡದಿಂದ 6 ಸೆಂ.ಮೀ. ಚಿಲ್ಲರೆ ಮುಂದೆ ಚಾಚುತ್ತದೆ. ಅಡಿಹಲಗೆ 55 ಇಟ್ಟುಕೊಂಡರೆ ಇಲ್ಲೇ ಕೆಡುವುದು, 75 ಇರಲಿ. ಒಂದು ಕಡೆಗೆ 91 ಮೆಟ್ಟಿಲು, ನಾಲ್ಕು ಕಡೆ ಸೇರಿ 364, ಗುಡಿಯ ಜಗುಲಿ ಕೂಡಿ 365. ಅಷ್ಟನ್ನು ಕತ್ತರಿಸಲು ಕೂರಬೇಡಿ, ಡ್ರಾಯಿಂಗ್ ಹಾಳೆಯ ಮೇಲೆ 3.7 ಮಿ.ಮೀ. ಅಂತರದಲ್ಲಿ ಗೆರೆ ಎಳೆದು ಅಂಟಿಸಿ. ಇಕ್ಕೆಲದ ಕೈಪಿಡಿಗೋಡೆ ಮಾತ್ರ ಎದ್ದು ನಿಲ್ಲಬೇಕು, ನೆರಳು ಬೀಳುವುದು ಅದರ ಮೇಲೆ. ಹಾವಿನ ತಲೆ ಉತ್ತರದ ಮೆಟ್ಟಿಲ ಬುಡದಲ್ಲಷ್ಟೇ.

ಮಾದರಿಯನ್ನು ನೇರ ಉತ್ತರಕ್ಕೆ ಇಡಬೇಡಿ. ಪ್ರದಕ್ಷಿಣೆಯ ದಿಕ್ಕಿಗೆ 20 ಡಿಗ್ರಿಗಿಂತ ತುಸು ಹೆಚ್ಚು ತಿರುಗಿಸಿ. ಮಾರ್ಚ್ 20–21ರ ಆಸುಪಾಸು, ಸೂರ್ಯ ಮುಳುಗುವ ಒಂದು ಗಂಟೆ ಮೊದಲು, ಅಂತಸ್ತುಗಳ ಮೂಲೆಯ ನೆರಳು ಉತ್ತರ ಮೆಟ್ಟಿಲ ಪಶ್ಚಿಮದ ಕೈಪಿಡಿಗೋಡೆಯ ಮೇಲೆ ಬಿದ್ದು ಬೆಳಕಿನ ತ್ರಿಕೋನಗಳು ಮೂಡುತ್ತವೆ; ಇವೇ ಬುಡದ ತಲೆಯೊಂದಿಗೆ ಸೇರಿ ಹಾವಿನಂತೆ ಕಾಣುವುದು. ಮೋಡವಿದ್ದರೆ ಟಾರ್ಚನ್ನು ಪಶ್ಚಿಮದಲ್ಲಿ ತಗ್ಗಾಗಿ ಹಿಡಿಯಿರಿ. ಹಗಲು ರಾತ್ರಿ ಸಮವಾಗುವ ಈ ವಿಷುವದ ಹಿಂದೆ ಮುಂದೆ ಹಲವು ದಿನ ಇದು ಕಾಣುವುದರಿಂದ, ‘ಆ ಒಂದೇ ದಿನದ ಪವಾಡ’ ಎಂದು ಫಲಕದಲ್ಲಿ ಬರೆಸಬೇಡಿ.

ಪ್ರಶ್ನೆ: ಮಾಯಾ ಜನರೂ ನಮ್ಮ ಮೆಕ್ಕೆಜೋಳವನ್ನೇ ತಿನ್ನುತ್ತಿದ್ದರಂತೆ. ರೊಟ್ಟಿ ಹೇಗೆ ಮಾಡುತ್ತಿದ್ದರು?
– ಜಗಳೂರಿನ ರೈತರು

ಉತ್ತರ: ಬೆಳೆಯೇ ಅಲ್ಲಿಯದು, ಸುಮಾರು 9,000 ವರ್ಷಗಳ ಹಿಂದೆ ಮೆಕ್ಸಿಕೋದ ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ಪಳಗಿಸಿದ್ದು. ಅಲ್ಲಿ ಕಾಳನ್ನು ಸುಣ್ಣದಲ್ಲಿ ಬೇಯಿಸುತ್ತಾರೆ. ಒಂದು ಕಿಲೋ ಒಣ ಕಾಳಿಗೆ ಮೂರು ಲೀಟರ್ ನೀರು, 10 ಗ್ರಾಂ ತಿನ್ನುವ ದರ್ಜೆಯ ಅರಳಿದ ಸುಣ್ಣ. ಸಣ್ಣ ಉರಿಯಲ್ಲಿ 40 ನಿಮಿಷದಷ್ಟು ಬೇಯಿಸಿ ರಾತ್ರಿಯಿಡೀ ನೆನೆಯಬಿಡಿ. ಸಿಪ್ಪೆ ಜಾರಿದ ಮೇಲೆ ಚೆನ್ನಾಗಿ ತೊಳೆದು ಹಸಿಯಾಗಿಯೇ ಅರೆಯಿರಿ. ಈ ಹಿಟ್ಟು ನಾದಿದರೆ ಕೂಡಿಕೊಳ್ಳುತ್ತದೆ. ಒಣಕಾಳಿನ ಹಿಟ್ಟಿನ ಹಾಗೆ ಬಿರಿಯುವುದಿಲ್ಲ. ಕಾಳಿನಲ್ಲಿ ಬಂಧಿಯಾಗಿರುವ ನಯಾಸಿನ್ ಜೀವಸತ್ವವೂ ಮೈಗೆ ಸಿಗುತ್ತದೆ. ಸುಣ್ಣ ಹೆಚ್ಚಾದರೆ ಕಹಿ. ಅಲ್ಯೂಮಿನಿಯಂ ಪಾತ್ರೆಯನ್ನು ಸುಣ್ಣ ತಿನ್ನುತ್ತದೆ, ಸ್ಟೀಲಿನದೇ ಬೇಕು. ಔಷಧ ಲೇಪಿಸಿದ ಬಿತ್ತನೆ ಬೀಜವನ್ನು ಇದಕ್ಕೆ ಮುಟ್ಟಲೂಬೇಡಿ.

ಪ್ರಶ್ನೆ: ಮಾಯಾ, ಅಜ್ಟೆಕ್, ಇಂಕಾ ಮೂರೂ ಒಂದೇ ಅಲ್ಲವೇ?
– ಹರಿಹರದ ವಿದ್ಯಾರ್ಥಿ

ಉತ್ತರ: ಅಲ್ಲ. ಇಂಕಾ ದಕ್ಷಿಣ ಅಮೆರಿಕದ ಪೆರು ಕಡೆಯವರು, ಮಾಚು ಪಿಚು ಅವರದು. ಅಜ್ಟೆಕರ ರಾಜಧಾನಿ ಟೆನೊಚ್ಟಿಟ್ಲಾನ್ 1521ರಲ್ಲಿ ಸ್ಪೇನಿನವರ ವಶವಾಯಿತು, ಅದರ ಮೇಲೆಯೇ ಇಂದಿನ ಮೆಕ್ಸಿಕೋ ನಗರ ಬೆಳೆದಿದೆ. ಮಾಯಾಗಳ ಕೊನೆಯ ರಾಜ್ಯ ಬಿದ್ದದ್ದು 1697ರಲ್ಲಿ. ಮಾಯಾ ಭಾಷೆಗಳನ್ನು ಆಡುವ ಲಕ್ಷಾಂತರ ಜನ ಗ್ವಾಟೆಮಾಲಾ, ಮೆಕ್ಸಿಕೋಗಳಲ್ಲಿ ಇಂದಿಗೂ ಇದ್ದಾರೆ. ‘ಕಣ್ಮರೆಯಾದ ಮಾಯಾ ಜನಾಂಗ’ ಎಂದು ಪರೀಕ್ಷೆಯಲ್ಲಿ ಬರೆಯಬೇಡಪ್ಪ.