ಅದುರುತ್ತಿರುವುದು ಯಾವುದು, ಪ್ರೊಪೆಲ್ಲರೋ ಎಂಜಿನ್ನೋ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕಲಬುರಗಿ ಜಿಲ್ಲೆ ಕಮಲಾಪುರದ ಕಡೆ ಊರು. ನಾನು, ನಮ್ಮ ಅಣ್ಣ ಸೇರಿ ಕಿಟ್ ತರಿಸಿ ಎರಡು ಸೀಟಿನ ಸಣ್ಣ ವಿಮಾನ ಜೋಡಿಸಿದ್ದೇವೆ. ಎಂಜಿನ್ ಸೆಕೆಂಡ್ ಹ್ಯಾಂಡ್ ರೋಟಾಕ್ಸ್ 912 ಯುಎಲ್ಎಸ್, 100 ಎಚ್‌ಪಿ. ಪ್ರೊಪೆಲ್ಲರಿಗೆ ಮೂರು ಬ್ಲೇಡ್, ಕೋನವನ್ನು ನಾವೇ ಕೂಡಿಸಬೇಕು. ಇನ್ನೂ ಹಾರಿಸಿಲ್ಲ. ತೊಗರಿ ಹೊಲದ ಪಕ್ಕ ಶೆಡ್ ಇದೆ, ಅದರ ಮುಂದೆ ನಿಲ್ಲಿಸಿ ಎಂಜಿನ್ ಓಡಿಸಿ ನೋಡುತ್ತಿದ್ದೇವೆ. ಐಡಲ್‌ನಲ್ಲಿ, ಅಂದರೆ ಎಂಜಿನ್ ತೀರಾ ನಿಧಾನ ಓಡುವಾಗ, ಸ್ವಲ್ಪ ನಡುಗುತ್ತದೆ. 2500ರಿಂದ 3500 ಆರ್‌ಪಿಎಂ (ನಿಮಿಷಕ್ಕೆ ಸುತ್ತು) ನಡುವೆ ಮೀಟರಿನ ಮುಳ್ಳು ಕಾಣದಷ್ಟು ಅದುರುತ್ತದೆ. 4500 ದಾಟಿದರೆ ಸುಮಾರಾಗಿ ನಿಲ್ಲುತ್ತದೆ. ಸೈಲೆನ್ಸರಿನ ಒಂದು ಸ್ಪ್ರಿಂಗ್ ಮುರಿದಿದೆ. ಎಡಗಡೆಯ ಪ್ಲಗ್‌ಗಳು ಕಪ್ಪಾಗಿವೆ, ಪೆಟ್ರೋಲ್ ವಾಸನೆಯೂ ಬರುತ್ತದೆ. ಊರಿನ ಮೆಕ್ಯಾನಿಕ್ ಎಂಜಿನ್ ಕೂರಿಸುವ ಮೌಂಟಿನ ರಬ್ಬರ್ ಬದಲಿಸಿ ಅನ್ನುತ್ತಾರೆ. ಅಣ್ಣ ಪ್ರೊಪೆಲ್ಲರ್ ಬ್ಯಾಲೆನ್ಸ್ ಮಾಡಿಸೋಣ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರದೂ ಬೇಡ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ವೇಗ ಏರಿದಾಗ ಅದುರು ಇಳಿಯುತ್ತದೆ ಎಂದು ಬರೆದಿದ್ದೀರಿ, ಅಲ್ವಾ? ಪ್ರೊಪೆಲ್ಲರಿನ ಒಂದು ಕಡೆ ತೂಕ ಜಾಸ್ತಿ ಇದ್ದರೆ ಹೀಗಾಗುವುದಿಲ್ಲ. ತೂಕದ ವ್ಯತ್ಯಾಸದ ಎಳೆತ ವೇಗದ ವರ್ಗದಷ್ಟು ಏರುತ್ತದೆ. 2500ರಲ್ಲಿ ಇದ್ದ ಎಳೆತ 5000ಕ್ಕೆ ನಾಲ್ಕು ಪಟ್ಟು. ಮೌಂಟಿನ ರಬ್ಬರಿಗೆ ತನ್ನದೇ ಒಂದು ತೂಗಾಟ ಇರುತ್ತದೆ, ಆ ವೇಗದಲ್ಲಿ ಅದುರು ದೊಡ್ಡದಾಗಿ ಕಾಣಬಹುದು ನಿಜ. ಆದರೆ ಕಪ್ಪಾದ ಪ್ಲಗ್, ಪೆಟ್ರೋಲ್ ವಾಸನೆ ರಬ್ಬರಿನಿಂದ ಬರುವುದಿಲ್ಲ.

ಈ ಎಂಜಿನ್‌ನಲ್ಲಿ ನಾಲ್ಕು ಸಿಲಿಂಡರ್, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಎರಡು. ಎಡಗಡೆಯ ಎರಡು ಸಿಲಿಂಡರಿಗೆ ಒಂದು, ಬಲಗಡೆಯ ಎರಡಕ್ಕೆ ಇನ್ನೊಂದು. ಎಡಗಡೆ ಪೆಟ್ರೋಲ್ ಜಾಸ್ತಿ ಹೋದರೆ ಆ ಕಡೆ ಉರಿಯುವುದು ಕುಂಟುತ್ತದೆ, ಬಲಗಡೆ ಸರಿಯಾಗಿ ತಳ್ಳುತ್ತದೆ. ಎರಡು ಎತ್ತುಗಳಲ್ಲಿ ಒಂದು ಎಳೆದು ಇನ್ನೊಂದು ನಿಂತರೆ ನೊಗ ಒದ್ದಾಡುತ್ತದಲ್ಲ, ಇಲ್ಲಿ ಎಂಜಿನ್ ಒದ್ದಾಡುತ್ತಿದೆ. ಪ್ಲಗ್ ಹಾಳಾಗಿದೆ ಎಂಬ ಅನುಮಾನ ನನಗೆ ಕಡಿಮೆ. ಪ್ರತಿ ಸಿಲಿಂಡರಿಗೂ ಎರಡೆರಡು ಪ್ಲಗ್ ಇವೆ, ಕಿಡಿ ಕೊಡುವ ವ್ಯವಸ್ಥೆಯೂ ಎರಡು. ಎರಡೂ ಒಟ್ಟಿಗೆ ಕೈಕೊಡುವುದು ಅಪರೂಪ. ಆದರೂ ಎಂಜಿನ್ ಬಿಸಿಯಾದ ಮೇಲೆ 4000 ಆರ್‌ಪಿಎಂಗೆ ತಂದು ಒಂದೊಂದೇ ಇಗ್ನಿಷನ್ ಸ್ವಿಚ್ ಆಫ್ ಮಾಡಿ ನೋಡಿ. ಆರ್‌ಪಿಎಂ ಇಳಿತ 300 ದಾಟಬಾರದು. ಎರಡು ಇಳಿತಗಳ ನಡುವಿನ ವ್ಯತ್ಯಾಸ 115ರ ಒಳಗಿರಬೇಕು. ಅದು ಸರಿಯಿದ್ದರೆ ಕಿಡಿಯ ಮಾತು ಅಲ್ಲಿಗೆ ಬಿಡಿ.

ಮೊದಲು ಚೋಕ್ ಕೇಬಲ್ ನೋಡಿ. ಚೋಕ್ ಆಫ್ ಮಾಡಿದಾಗ ಎರಡೂ ಕಡೆಯ ಲಿವರ್ ಪೂರ್ತಿ ಹಿಂದಕ್ಕೆ ಬರಬೇಕು. ಒಂದು ಕಡೆ ಕೂದಲೆಳೆಯಷ್ಟು ತೆರೆದಿದ್ದರೂ ಆ ಕಡೆಯ ಪ್ಲಗ್ ಕಪ್ಪಾಗುತ್ತದೆ. ಬರಿಗಣ್ಣಿನ ಕೆಲಸ ಇದು, ಖರ್ಚಿಲ್ಲ.

ಆಮೇಲೆ ಫ್ಲೋಟ್. ನನ್ನ ಅನುಮಾನವೆಲ್ಲ ಇದರ ಮೇಲೆಯೇ. ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲನ್ನು ಒಂದು ತಂತಿಯ ಕ್ಲಿಪ್ ಹಿಡಿದಿರುತ್ತದೆ. ಪೆಟ್ರೋಲ್ ಬಂದ್ ಮಾಡಿ, ಎಂಜಿನ್ ಆರಿದ ಮೇಲೆ ಅದನ್ನು ಬಿಚ್ಚಿ. ಒಳಗೆ ಎರಡು ಫ್ಲೋಟ್ ಇರುತ್ತವೆ, ಪೆಟ್ರೋಲಿನ ಮೇಲೆ ತೇಲುತ್ತಾ ಅದರ ಮಟ್ಟ ಕಾಯುವ ತುಣುಕುಗಳು. ಹಳೆಯ ಫ್ಲೋಟ್ ಪೆಟ್ರೋಲ್ ಕುಡಿದು ಭಾರವಾಗುತ್ತದೆ, ಮುಳುಗುತ್ತದೆ, ಪೆಟ್ರೋಲನ್ನು ಹೊತ್ತಿಗೆ ನಿಲ್ಲಿಸುವುದಿಲ್ಲ, ಬಟ್ಟಲು ತುಂಬಿ ಹರಿಯುತ್ತದೆ. ಎರಡನ್ನೂ ಒರೆಸಿ, ಮೇಲಿನ ಪೆಟ್ರೋಲ್ ಪೂರ್ತಿ ಆರಿದ ಮೇಲೆ ಪರಿಚಯದ ಬಂಗಾರದ ಅಂಗಡಿಗೆ ಒಯ್ಯಿರಿ. ಅವರ ತಕ್ಕಡಿ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಎರಡೂ ಸೇರಿ 7 ಗ್ರಾಂ ದಾಟಿದರೆ ಹೊಸದು ಹಾಕಬೇಕು. ಬಲಗಡೆಯದನ್ನೂ ತೂಗಿ, ಆದರೆ ಬೇರೆ ಚೀಟಿಯಲ್ಲಿ ಕಟ್ಟಿಕೊಂಡು ಹೋಗಿ, ಅದಲುಬದಲಾಗಬಾರದು.

ಯಾವ ಪೆಟ್ರೋಲ್ ಹಾಕುತ್ತೀರಿ ಎಂದು ನೀವು ಬರೆದಿಲ್ಲ. ಬಂಕಿನದೇ ಇರಬೇಕು. ಈ ಎಂಜಿನ್‌ಗೆ ತಯಾರಕರು ಒಪ್ಪಿರುವುದು ಶೇಕಡಾ 10 ಎಥನಾಲ್‌ವರೆಗೆ. ಈಗ ಬಂಕಿನಲ್ಲಿ ಸಿಗುವುದು ಶೇಕಡಾ 20ರದ್ದು. ಸ್ಕೂಟರಿಗೆ ಹಾಕಿದ ಹಾಗೆ ಇದಕ್ಕೂ ಹಾಕಬೇಡಿ. ಏವಿಯೇಷನ್ ಗ್ಯಾಸೊಲಿನ್ ಸಿಕ್ಕರೆ ಅದು ನಡೆಯುತ್ತದೆ, ಅದರಲ್ಲಿ ಸೀಸ ಇರುವುದರಿಂದ ಎಂಜಿನ್ ಆಯಿಲ್ ಬೇಗ ಬೇಗ ಬದಲಿಸಬೇಕು ಅಷ್ಟೆ. ಪೆಟ್ರೋಲ್ ಪೈಪುಗಳು ಮೆತ್ತಗಾಗಿವೆಯೇ, ಕಾರ್ಬ್ಯುರೇಟರನ್ನು ಎಂಜಿನ್‌ಗೆ ಜೋಡಿಸುವ ರಬ್ಬರ್ ಬಿರುಕು ಬಿಟ್ಟಿದೆಯೇ, ಬಗ್ಗಿಸಿ ನೋಡಿ. ಆ ಬಿರುಕಿನಿಂದ ಗಾಳಿ ನುಗ್ಗಿದರೂ ಎಂಜಿನ್ ಇದೇ ರೀತಿ ಕುಂಟುತ್ತದೆ, ಆದರೆ ಆಗ ಪ್ಲಗ್ ಕಪ್ಪಾಗುವ ಬದಲು ಬೆಳ್ಳಗಾಗುತ್ತದೆ.

ಇಷ್ಟೆಲ್ಲ ಸರಿಮಾಡಿದ ಮೇಲೆಯೇ ಎರಡೂ ಕಾರ್ಬ್ಯುರೇಟರನ್ನು ಸಮ ಮಾಡಬೇಕು. ಎಂಜಿನ್ ನಿಂತಿರುವಾಗ ಥ್ರಾಟಲ್ ಎಳೆದು ಬಿಟ್ಟು ನೋಡಿ. ಎರಡೂ ಕಡೆಯ ಲಿವರ್ ಒಂದೇ ಕ್ಷಣದಲ್ಲಿ ಮೇಲೇಳಬೇಕು, ಒಂದೇ ಕ್ಷಣದಲ್ಲಿ ಸ್ಟಾಪಿಗೆ ತಾಗಬೇಕು. ಆಮೇಲೆ ಎರಡೂ ಕಡೆಗೆ, ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್ ಹಚ್ಚಿ ಓಡಿಸಬೇಕು. ಎರಡು ಕಡೆಯನ್ನು ಕೂಡಿಸುವ ಬ್ಯಾಲೆನ್ಸ್ ಪೈಪನ್ನು ಆಗ ಬಿಚ್ಚಿಯೇ ಇರಬೇಕು. ಇಲ್ಲದಿದ್ದರೆ ಅದು ವ್ಯತ್ಯಾಸವನ್ನು ಮುಚ್ಚಿಬಿಡುತ್ತದೆ, ಗೇಜ್ ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುತ್ತೀರಿ. ಐಡಲನ್ನು 1400ಕ್ಕಿಂತ ಕೆಳಗೆ ಇಳಿಸಬೇಡಿ. ಇಳಿಸಿದರೆ ಗೇರ್‌ಬಾಕ್ಸ್ ಕಟಕಟ ಅನ್ನುತ್ತದೆ, ಹಲ್ಲು ಸವೆಯುತ್ತದೆ.

ಇಲ್ಲಿ ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ನಾನು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿ ದುಡಿದು ಬೀದರಿನಲ್ಲೇ ಉಳಿದವನು. ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಜನ ಮರೆಯುತ್ತಾರೆ. ಓಡಿಸುವಾಗ ಒಬ್ಬರು ಸೀಟಿನಲ್ಲಿ ಬ್ರೇಕ್ ಹಿಡಿದು ಕೂತಿರಬೇಕು. ಎರಡೂ ಚಕ್ರಕ್ಕೆ ಕಟ್ಟಿಗೆಯ ಅಡ್ಡ ಕೊಡಿ. ಬಾಲವನ್ನು ಟ್ರ್ಯಾಕ್ಟರಿಗೆ ಹಗ್ಗ ಹಾಕಿ ಕಟ್ಟಿ. ಬ್ಲೇಡ್ ತಿರುಗುವ ನೇರದಲ್ಲಿ, ಎಡಕ್ಕೂ ಬಲಕ್ಕೂ, ಯಾರೂ ನಿಲ್ಲಬಾರದು. ಸ್ಕ್ರೂ ತಿರುಗಿಸಬೇಕಾದರೆ ಎಂಜಿನ್ ನಿಲ್ಲಿಸಿ ತಿರುಗಿಸಿ, ಮತ್ತೆ ಓಡಿಸಿ. ಊರಿನ ಹುಡುಗರು ನೋಡಲು ಬಂದೇ ಬರುತ್ತಾರೆ. ಶೆಡ್ಡಿನ ಹಿಂದೆ ಹಗ್ಗ ಕಟ್ಟಿ ಅಲ್ಲೇ ನಿಲ್ಲಿಸಿ. ಟವೆಲ್ ಹೆಗಲ ಮೇಲೆ ಹಾಕಿಕೊಂಡು ಯಾರೂ ಹತ್ತಿರ ಬರಬಾರದು.

ಮುರಿದ ಸ್ಪ್ರಿಂಗ್ ಅದುರಿನ ಕಾರಣವಲ್ಲ, ಫಲ. ಹೊಸದು ಹಾಕುವಾಗ ಸ್ಪ್ರಿಂಗಿನ ಒಳಗಿಂದ ಲಾಕ್ ವೈರ್ ಹಾಯಿಸಿ ಕಟ್ಟಿ. ಮುರಿದರೂ ತುಂಡು ಹಾರಿ ಪ್ರೊಪೆಲ್ಲರಿಗೆ ಬಡಿಯುವುದಿಲ್ಲ. ಬಿಸಿ ತಡೆಯುವ ಸಿಲಿಕೋನನ್ನು ಸ್ಪ್ರಿಂಗಿನ ಉದ್ದಕ್ಕೆ ಒಂದು ಗೆರೆ ಎಳೆದರೆ ಅದರ ನಡುಕವೂ ತಗ್ಗುತ್ತದೆ.

ಅದುರು ಇನ್ನೂ ಉಳಿದರೆ ಆಗ ಅಣ್ಣನ ಮಾತು ಕೇಳಿ. ಬ್ಯಾಲೆನ್ಸಿಗಿಂತ ಮೊದಲು ಮೂರೂ ಬ್ಲೇಡಿನ ಕೋನ ಅಳೆಯಿರಿ, ತುದಿಯಿಂದ ಒಂದೇ ದೂರದಲ್ಲಿ, ಡಿಜಿಟಲ್ ಆ್ಯಂಗಲ್ ಗೇಜ್ ಇಟ್ಟು. ತೂಕ ಸಮವಿದ್ದರೂ ಕೋನ ಬೇರೆಯಾದರೆ ಒಂದು ಬ್ಲೇಡ್ ಜಾಸ್ತಿ ಗಾಳಿ ತಳ್ಳುತ್ತದೆ, ಅದೂ ಅದುರೇ. ಪ್ರೊಪೆಲ್ಲರಿನ ನಡುವಿನ ಟೊಪ್ಪಿಗೆ, ಅಂದರೆ ಸ್ಪಿನ್ನರ್, ಬಿಚ್ಚಿ ಒಳಗೂ ನೋಡಿ. ನಿಮ್ಮದು ಎರೆ ಮಣ್ಣು, ಅಂಟಿಕೊಂಡರೆ ಕಲ್ಲಾಗುತ್ತದೆ. ಕೈಯಿಂದ ಪ್ರೊಪೆಲ್ಲರ್ ತಿರುಗಿಸುವಾಗ ಇಗ್ನಿಷನ್ ಆಫ್ ಇರಲಿ, ಅದು ಓಡುವ ದಿಕ್ಕಿನಲ್ಲೇ ತಿರುಗಿಸಿ. ಹಿಂದಕ್ಕೆ ತಿರುಗಿಸಿದರೆ ಈ ಎಂಜಿನ್‌ನ ವಾಲ್ವ್ ಎತ್ತುವ, ಆಯಿಲ್ ತುಂಬಿದ ಟ್ಯಾಪೆಟ್‌ಗಳಿಗೆ ಗಾಳಿ ಸೇರಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ, ವಹಿಯಲ್ಲಿ ಬರೆದಿಡಿ. ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಸರಿಹೋಯಿತು ಎಂದು ಯಾರಿಗೂ ಹೇಳಲಾಗದು. ಹಾರಿಸುವುದು ಮಾತ್ರ ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎಯ ಅನುಮತಿ ಬಂದ ಮೇಲೆಯೇ. ಆ ವಹಿ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ಕಾಕಾ, ನಾನು ಯಾದಗಿರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೇನೆ. ಎಂಜಿನ್ ಅದುರನ್ನು ಮೊಬೈಲ್ ಆ್ಯಪ್‌ನಿಂದ ಅಳೆಯಬಹುದಾ? ಅಥವಾ ಸುಮ್ನೆ ಆಟದ ಸಾಮಾನಾ?

ಉತ್ತರ: ಅಳೆಯಬಹುದು ತಮ್ಮಾ, ಆದರೆ ಲೆಕ್ಕ ಗೊತ್ತಿರಬೇಕು. ಮೇಲಿನ ಎಂಜಿನ್ನನ್ನೇ ತಗೋ. 4000 ಆರ್‌ಪಿಎಂ ಅಂದರೆ ಎಂಜಿನ್ನಿನ ಮುಖ್ಯ ದಂಡ ಕ್ರ್ಯಾಂಕ್ ಸೆಕೆಂಡಿಗೆ ಸುಮಾರು 67 ಸುತ್ತು. ಗೇರ್ ಅನುಪಾತ 2.43, ಅಂದರೆ ಕ್ರ್ಯಾಂಕ್ 2.43 ಸುತ್ತಿದರೆ ಪ್ರೊಪೆಲ್ಲರ್ ಒಂದು ಸುತ್ತು, ಹಾಗಾಗಿ ಪ್ರೊಪೆಲ್ಲರ್ ಸೆಕೆಂಡಿಗೆ 27 ಸುತ್ತು ಮಾತ್ರ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ಒಂದೊಂದು ಸಿಲಿಂಡರ್ ಉರಿಯುವುದು ಎರಡು ಸುತ್ತಿಗೆ ಒಮ್ಮೆ. ಒಂದು ಸಿಲಿಂಡರ್ ಕುಂಟಿದರೆ ಅದರ ಹೊಡೆತ ಸೆಕೆಂಡಿಗೆ 33. ಅಂದರೆ ಗ್ರಾಫಿನಲ್ಲಿ 27ರ ಹತ್ತಿರ ಗೆರೆ ಎದ್ದರೆ ಪ್ರೊಪೆಲ್ಲರ್ ನೋಡು, 33ರ ಹತ್ತಿರ ಎದ್ದರೆ ಸಿಲಿಂಡರ್ ನೋಡು. ಎಷ್ಟು ಚಂದ ಬೇರೆ ಬೇರೆಯಾಗುತ್ತವೆ ನೋಡು!

ಒಂದು ಕಡೆ ಮಾತ್ರ ಮೋಸ ಹೋಗುವ ಅಪಾಯ ಇದೆ. ಮೊಬೈಲ್ ಸೆಕೆಂಡಿಗೆ 100 ಸಲ ಅಳೆಯುತ್ತಿದ್ದರೆ 50ರವರೆಗಿನ ಅದುರನ್ನು ಮಾತ್ರ ಸರಿಯಾಗಿ ಹೇಳಬಲ್ಲದು. ಅದಕ್ಕಿಂತ ಮೇಲಿನದು ಮಡಚಿಕೊಂಡು ಕೆಳಗೆ ಕಾಣುತ್ತದೆ. ಕ್ರ್ಯಾಂಕಿನ 67 ಸರಿಯಾಗಿ 33ಕ್ಕೇ ಬಂದು ಕೂರುತ್ತದೆ! ಚೆನ್ನಾಗಿರುವ ಸಿಲಿಂಡರನ್ನು ಬಿಚ್ಚಿ ಕೂರುತ್ತೀಯ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಅಳತೆಯನ್ನು ಸೆಕೆಂಡಿಗೆ 200 ಮಾಡು. ನಿನ್ನ ಫೋನಿಗೆ ಅಷ್ಟು ಆಗದಿದ್ದರೆ ಬೇರೆ ಫೋನ್ ತಗೋ. ಫೋನನ್ನು ಸೀಟಿನ ಮೇಲಿಟ್ಟರೆ ಉಪಯೋಗವಿಲ್ಲ, ಸ್ಪಂಜು ಅದುರನ್ನು ನುಂಗುತ್ತದೆ. ಡ್ಯಾಶ್‌ಬೋರ್ಡಿನ ಗಟ್ಟಿ ಚೌಕಟ್ಟಿಗೆ ಬಿಗಿಯಾಗಿ ಟೇಪ್ ಸುತ್ತಿ ಕಟ್ಟಬೇಕು, ಎಂಜಿನ್ ಓಡುವ ಮೊದಲೇ. ಕಾಲೇಜಿನ ಪ್ರಾಜೆಕ್ಟಿಗೆ ಬೇಕಾದರೆ ಹೊಲದ ಡೀಸೆಲ್ ಪಂಪಿನ ಮೇಲೆ ಮೊದಲು ಅಭ್ಯಾಸ ಮಾಡು. ಅದರ ವೇಗ ಗೊತ್ತಿದ್ದರೆ ಗೆರೆ ಎಲ್ಲಿ ಬರಬೇಕು ಎಂದು ಮೊದಲೇ ಬರೆದಿಟ್ಟುಕೊಂಡು ಆಮೇಲೆ ಅಳೆ.

ಪ್ರಶ್ನೆ: ಬಸವಕಲ್ಯಾಣದವನು. ನನ್ನ ಪ್ಯಾರಾಮೋಟರಿಗೆ (ಬೆನ್ನಿಗೆ ಎಂಜಿನ್ ಕಟ್ಟಿ ಪ್ಯಾರಾಚೂಟಿನಂಥ ರೆಕ್ಕೆಯಲ್ಲಿ ಹಾರುವ ಸಾಧನ) ಎರಡು ಬ್ಲೇಡಿನ ಕಟ್ಟಿಗೆಯ ಪ್ರೊಪೆಲ್ಲರ್ ಇದೆ. ಚಳಿಗಾಲದಲ್ಲಿ ಸರಿಯಿತ್ತು, ಏಪ್ರಿಲ್‌ನಿಂದ ಅದುರುತ್ತಿದೆ. ಗೋಡೆಗೆ ಒರಗಿಸಿ ಇಡುತ್ತೇನೆ.

ಉತ್ತರ: ಕಟ್ಟಿಗೆ ನಮ್ಮ ಕಡೆಯ ಒಣ ಬಿಸಿಲಿಗೆ ಸೊರಗುತ್ತದೆ. ಪ್ರೊಪೆಲ್ಲರಿನ ನಡುಭಾಗ, ಅಂದರೆ ಹಬ್, ತೆಳುವಾಗಿ ಬೋಲ್ಟ್ ಸಡಿಲಾಗುತ್ತದೆ. ಮಳೆಗಾಲದಲ್ಲಿ ಅದೇ ಕಟ್ಟಿಗೆ ಉಬ್ಬಿ ಬೋಲ್ಟಿನ ಕೆಳಗೆ ನಜ್ಜುಗುಜ್ಜಾಗಬಹುದು. ಹಾಗಾಗಿ ಋತು ಬದಲಾದಾಗಲೆಲ್ಲ ಎಷ್ಟು ಬಿಗಿಯಾಯಿತು ಎಂದು ತೋರಿಸುವ ಟಾರ್ಕ್ ರೆಂಚ್ ಹಿಡಿದು, ಪ್ರೊಪೆಲ್ಲರ್ ಮಾಡಿದವರು ಕೊಟ್ಟ ಅಳತೆಗೇ ಬಿಗಿಸಿ. ಸಾಮಾನ್ಯ ಸ್ಪ್ಯಾನರಿನಿಂದ ಅಂದಾಜಿಗೆ ಬಿಗಿಸಬೇಡಿ, ಕಟ್ಟಿಗೆ ಜಜ್ಜಿಹೋಗುತ್ತದೆ. ಇನ್ನು ಇಡುವ ರೀತಿ. ನೆಟ್ಟಗೆ ನಿಲ್ಲಿಸಿದರೆ ಕಟ್ಟಿಗೆಯ ತೇವ ಕೆಳಗಿನ ಬ್ಲೇಡಿಗೆ ಇಳಿದು ಆ ಕಡೆ ಭಾರವಾಗುತ್ತದೆ. ಎರಡೂ ಬ್ಲೇಡ್ ನೆಲಕ್ಕೆ ಸಮನಾಗಿ ಅಡ್ಡ ಇರುವಂತೆ ಇಡಿ, ಬಿಸಿಲು ಬೀಳದ ಕಡೆ. ಬಿಗಿಸಿದ ಮೇಲೂ ಅದುರಿದರೆ ಅಂಚಿನಲ್ಲಿ ಬಿರುಕಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಹಬ್ಬಿನಿಂದ ಹೊರಟ ಬಿರುಕು ಕಂಡರೆ ಅಂಟು ಹಚ್ಚಿ ಹಾರಬೇಡಿ, ಆ ಪ್ರೊಪೆಲ್ಲರನ್ನು ತೆಗೆದೇಬಿಡಿ.