ಓಬ್ರಾಕ್ ಬಯಲಿನ ನಡಿಗೆ ಕುರಿತು ಪ್ರತಿಕ್ರಿಯೆ

ಫ್ರಾನ್ಸ್‌ನ ಲ ಪುಯಿ ಊರಿನಿಂದ ಸ್ಪೇನ್‌ನ ಸಾಂತಿಯಾಗೊ ಕಡೆಗೆ ಸಾಗುವ ಯಾತ್ರಾಮಾರ್ಗದಲ್ಲಿ ನಾಸ್ಬಿನಾಲ್‌ನಿಂದ ಸೇಂ-ಶೆಲಿ-ದೋಬ್ರಾಕ್‌ವರೆಗೆ ಒಂದೇ ದಿನದಲ್ಲಿ ನಡೆಯಬಹುದೇ, ದಾರಿ ತಪ್ಪುವ ಭಯವಿದೆಯೇ ಎಂದು ಕೇಳಿದ್ದೀರಿ. ದೂರ ಸುಮಾರು 17 ಕಿ.ಮೀ. ಮಾತ್ರವಾದ್ದರಿಂದ ಧಾರಾಳವಾಗಿ ನಡೆಯಬಹುದು. ಆದರೆ ಓಬ್ರಾಕ್ ಊರಿನವರೆಗಿನ ಮೊದಲರ್ಧ ದಾರಿಯು ನೆರಳೇ ಇಲ್ಲದ, ದನ ಮೇಯುವ ಬಯಲಿನಲ್ಲಿ ಸಾಗುವುದರಿಂದ, ಮಂಜು ಕವಿದಾಗ ಬೇಲಿಗಂಬ, ಕಲ್ಲುಗಳ ಮೇಲಿನ ದಾರಿ ತೋರಿಸುವ ಬಿಳಿ-ಕೆಂಪು ಪಟ್ಟಿಗಳನ್ನು ಒಂದೊಂದಾಗಿ ಹುಡುಕಿಕೊಂಡೇ ಹೆಜ್ಜೆಯಿಡಬೇಕಾಗುತ್ತದೆ. ದಾರಿ ತಪ್ಪಿದ ಯಾತ್ರಿಕರಿಗಾಗಿ ಓಬ್ರಾಕ್‌ನ ಮಠದಲ್ಲಿ ಹಿಂದೆ ಗಂಟೆ ಬಾರಿಸುತ್ತಿದ್ದರಂತೆ. ನಿಮ್ಮ ಭಯ ಹೊಸದೇನಲ್ಲ! ಬೇಲಿಯ ಗೇಟುಗಳನ್ನು ದಾಟಿದ ಮೇಲೆ ಮರೆಯದೆ ಮುಚ್ಚಿರಿ. ನನ್ನ ಮಟ್ಟಿಗೆ ನಿಜವಾದ ಕಷ್ಟವೆಂದರೆ ಕೊನೆಯ 8 ಕಿ.ಮೀ.: ಸುಮಾರು 1,300 ಮೀಟರ್ ಎತ್ತರದಿಂದ 800ಕ್ಕೆ ಇಳಿಯುವ ಈ ಕಲ್ಲುದಾರಿ ಮಳೆಯಲ್ಲಿ ಜಾರುತ್ತದೆ, ಮಂಡಿಗಳನ್ನೂ ದಣಿಸುತ್ತದೆ. ಊರುಗೋಲು ಜೊತೆಯಲ್ಲಿರಲಿ.